ನೇರಳೆ ಮುಚ್ಚಳದ ಟ್ಯೂಬು

ಸಿರುಗುಪ್ಪದಲ್ಲಿ ಟಿಬಿ ಸೋಂಕಿನ ಪರೀಕ್ಷೆಗೆ ಈರಮ್ಮನ ರಕ್ತ ತೆಗೆದುಕೊಂಡು ಬಳ್ಳಾರಿಯ ಲ್ಯಾಬಿಗೆ ವಾಪಸಾಗುವಾಗ, ಕುರುಗೋಡಿನಲ್ಲಿ ಚಹಾಕ್ಕೆ ನಿಂತು ಡಬ್ಬಿ ತೆರೆದೆ. ಹಸಿರು ಮುಚ್ಚಳದ ಟ್ಯೂಬು ಇರಬೇಕಾದಲ್ಲಿ ನೇರಳೆಯದಿತ್ತು. ದಿನವಿಡೀ ರಕ್ತಕಣ ಎಣಿಸಲೆಂದು ನೇರಳೆಯನ್ನೇ ಎತ್ತುವ ಕೈ, ಇವತ್ತೂ ಅದನ್ನೇ ಎತ್ತಿತ್ತು.

ಎರಡರಲ್ಲೂ ರಕ್ತ ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ನೇರಳೆಯೊಳಗಿನ ಮದ್ದು ರಕ್ತದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಆಮೇಲೆ ಲ್ಯಾಬಿನಲ್ಲಿ ಟಿಬಿ ರೋಗಾಣುವಿನ ಪ್ರೋಟೀನ್ ಬೆರೆಸಿದರೂ ಬಿಳಿರಕ್ತಕಣಗಳು ಕೆರಳುವುದಿಲ್ಲ; ಅವು ಕೆರಳಿದರೆ ತಾನೇ ಸೋಂಕಿದೆಯೆಂದು ತಿಳಿಯುವುದು. ಸೋಂಕಿದ್ದರೂ ಇಲ್ಲವೆಂದು ವರದಿ ಬಂದರೆ? ಅವಳ ಗಂಡ ಆಗಲೇ ಟಿಬಿ ಮಾತ್ರೆ ನುಂಗುತ್ತಿದ್ದ.

ಬೈಕ್ ತಿರುಗಿಸಿದೆ. ಅಕ್ಕಿ ಗಿರಣಿಯ ಕೆಲಸದಲ್ಲಿದ್ದ ಈರಮ್ಮ ನನ್ನನ್ನು ನೋಡಿ ಬೆಚ್ಚಿದಳು.

"ಏನ್ರೀ, ನನಗೂ ಬಂದೈತೇನು?"

"ಇನ್ನೂ ನೋಡೇ ಇಲ್ಲಮ್ಮ. ತಪ್ಪು ನಂದು, ಹಸಿರು ಮುಚ್ಚಳದ್ದು ಬಿಟ್ಟು ನೇರಳೆದು ತಗೊಂಡೆ. ಆ ಟ್ಯೂಬಿನಾಗ ಕಣ ಎಣಿಸಾಕ ಬರ್ತೈತಿ, ಆದ್ರ ಅವು ಎಚ್ಚರ ಆಗಂಗಿಲ್ಲ."

ಅವಳು ಕೈಗಂಟಿದ ತೌಡು ಕೊಡವಿದಳು.

"ಕುದಿಸಿದ ಭತ್ತ ಇದ್ದಂಗ. ಎಣಿಸಬಹುದು, ಮೊಳಿಕಿ ಬರಂಗಿಲ್ಲ."

ಇನ್ನೊಂದು ತೋಳು ಚಾಚಿದಳು. "ಈ ಸಲ ಮುಚ್ಚಳ ನಾ ನೋಡ್ತೀನಿ, ತೋರಸ್ರಿ."

ಈಗ ಸೂಜಿ ಚುಚ್ಚುವ ಮೊದಲು ಟ್ಯೂಬನ್ನು ರೋಗಿಯ ಕೈಗಿಟ್ಟು, ಮುಚ್ಚಳ ಯಾವ ಬಣ್ಣ ಅಂತ ಕೇಳುತ್ತೇನೆ. "ಕಣ್ಣಿನ ಪರೀಕ್ಷಾನೂ ಐತೇನ್ರಿ?" ಅಂತಾರೆ.

"ಐತ್ರಿ, ನಂದು" ಅನ್ನುತ್ತೇನೆ.