ಹೆಣ್ಣು ನೋಡಲು ಬಂದವರೆದುರು ಕೇಳಿದ ಬಾಡಿಗೆ

ಹರಪನಹಳ್ಳಿಯಲ್ಲಿ ನಮ್ಮ ಮನೆಗೆ ತಾಗಿಕೊಂಡಿದ್ದ ಎರಡು ಕೋಣೆಗಳನ್ನು ಮಾವ ಬಾಡಿಗೆಗೆ ಕೊಟ್ಟಿದ್ದರು. ನಾನು ಮದುವೆಯಾಗಿ ಬಂದಾಗ ಅಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಮುಸ್ಲಿಂ ಮಿಸ್ತ್ರಿಯೊಬ್ಬರ ಸಂಸಾರವಿತ್ತು. ಮೋಟರು ಸುಟ್ಟಿತೆಂದರೆ ತೆಲಿಗಿ, ಹಲವಾಗಲು ಕಡೆಯ ರೈತರು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಆ ವರ್ಷ ಮಿಸ್ತ್ರಿ ಸೊಂಟ ಹಿಡಿದುಕೊಂಡು ಮಲಗಿ, ಬಾಡಿಗೆ ಕೆಲವು ತಿಂಗಳು ಹಿಂದೆ ಬಿತ್ತು. ತಡವಾಗಿದ್ದಕ್ಕೆ ಮಾವ ತಮ್ಮಷ್ಟಕ್ಕೆ ತಾವೇ ದಂಡವನ್ನೂ ಸೇರಿಸುತ್ತಾ ಹೋದರು. ಅದು ಮಿಸ್ತ್ರಿಗೆ ಗೊತ್ತೇ ಇರಲಿಲ್ಲ.

ಒಂದು ದಿನ ಅವರ ಮಗಳನ್ನು ನೋಡಲು ಹೊಸಪೇಟೆಯಿಂದ ಗಂಡಿನ ಕಡೆಯವರು ಬಂದರು. ಕಟ್ಟೆಯ ಮೇಲೆ ಕೂತಿದ್ದ ಮಾವನ ಮುಖ ಅರಳಿತು.

“ಏನವ್ವಾ, ಈಗ ಹೋಗು. ಬಾಡಿಗಿ, ದಂಡ ಎಲ್ಲಾ ಹೇಳಿ ಬಾ. ಅವರ ಮುಂದ ಮರ್ಯಾದಿಗೆ ಅಂಜಿ ಕೊಡ್ತಾನ.”

“ನನ್ನ ಕೈಲಿ ಆಗಂಗಿಲ್ರಿ ಮಾವ. ಅವ್ರು ಹೋದ ಮ್ಯಾಲ ಹೇಳಿದ್ರ ಆತು.”

ಅವರು ಟವೆಲ್ ಹೆಗಲಿಗೆ ಎಸೆದುಕೊಂಡು ತಾವೇ ಎದ್ದು ಹೋಗಿ, ಹೊಸ್ತಿಲಲ್ಲಿ ನಿಂತು, ಒಳಗಿದ್ದವರಿಗೆಲ್ಲ ಕೇಳುವಂತೆ ಬಾಕಿಯನ್ನೂ ದಂಡವನ್ನೂ ಸಾರಿದರು.

“ಸಾಹುಕಾರ್ರ, ಮಂದಿ ಬಂದಾರ್ರಿ. ಸಂಜಿಗೆ ನಾನ ಬರ್ತೀನಿ,” ಎಂದರು ಮಿಸ್ತ್ರಿ, ಗೋಡೆ ಹಿಡಿದು ಏಳುತ್ತಾ.

“ಮಂದಿ ಬಂದಾರಂತಾನ ನಾನು ಈಗ ಬಂದೀನಿ!”

ಶರಬತ್ತಿನ ತಟ್ಟೆ ಹಿಡಿದು ಬರುತ್ತಿದ್ದ ಹುಡುಗಿ ಹಾಗೆಯೇ ಹಿಂದಕ್ಕೆ ಸರಿದಳು. ಅವಳ ಸೋದರಮಾವ ಜೇಬಿನಿಂದ ದುಡ್ಡು ತೆಗೆದು, ನಮ್ಮ ಮಾವನ ಕೈಗಿಟ್ಟ. ಬಂದವರು ಶರಬತ್ತು ಮುಟ್ಟದೆ ಎದ್ದು ಹೋದರು.

ಸಂಜೆ ಆ ದಂಡದ ದುಡ್ಡಿನಲ್ಲೇ ಮಾವ ಜಿಲೇಬಿ ತಂದರು. ನನ್ನ ಗಂಡ ಪಾಕ ಸುರಿಯುವ ಬೆರಳುಗಳನ್ನು ಒಂದೊಂದಾಗಿ ನೆಕ್ಕುತ್ತಾ, “ಯಾವಾಗ ಕೇಳಬೇಕಂತ ಅಪ್ಪಗ ಗೊತ್ತೈತಿ ನೋಡು,” ಎಂದ. ಇದೇ ಕೈ ರಾತ್ರಿ ನನ್ನ ಮೈ ಮುಟ್ಟುತ್ತದಲ್ಲ ಎನಿಸಿ ಹಿತ್ತಲಿಗೆ ಹೋಗಿ ನಿಂತೆ.

ಹೊಸಪೇಟೆಯವರು ಮತ್ತೆ ಸುದ್ದಿ ಕಳಿಸಲಿಲ್ಲ. ತಿಂಗಳು ತುಂಬುವ ಮೊದಲೇ ಮಿಸ್ತ್ರಿ ಸಂಸಾರ ಕೊಟ್ಟೂರಿಗೆ ಹೊರಟಿತು. ಅವರ ಹೆಂಡತಿ ಬೀಗದಕೈಯನ್ನು ನನ್ನ ಕೈಗೇ ಕೊಟ್ಟು, “ಕಸ ಹೊಡದು ನೆಲ ಒರಸೀನಿ ತಂಗಿ,” ಎಂದರು. ಗಾಡಿ ಓಣಿ ದಾಟುವುದರೊಳಗೆ ಅಪ್ಪ ಮಗ ಇಬ್ಬರೂ ಒಳಗೆ ನುಗ್ಗಿ ಗೋಡೆ ತಡವುತ್ತಿದ್ದರು.

“ನೋಡಲೇ, ಗ್ವಾಡಿಗೆ ಎಷ್ಟು ಮೊಳಿ ಹೊಡದಾನ,” ಎಂದು ಮಾವ ತೂತಿಗೆ ಬೆರಳಿಟ್ಟರು. “ಇದಕ್ಕೂ ದಂಡ ಹಾಕಬೇಕಿತ್ತು.”