ನಾವು ಕೊಲ್ಲದೆ ಬಿಟ್ಟ ಹಾವು

ಆಗೆಲ್ಲ ನಮ್ಮೂರು ಕಬಕದಲ್ಲಿ ಮನೆಗಳ ನಡುವೆ ಬರೀ ಬೇಲಿ. ಆ ಬೇಲಿಯಲ್ಲೂ ಮಕ್ಕಳು ನುಸುಳಿ ನುಸುಳಿ ಮಾಡಿದ ಕಂಡಿ ಇತ್ತು. ಕಂಡಿ ದಾಟಿದರೆ ರಫೀಕನ ಮನೆ. ಅವನ ತಾಯಿಯನ್ನು ಅವನಂತೆ ನಾನೂ ಉಮ್ಮ ಎಂದೇ ಕರೆಯುತ್ತಿದ್ದೆ. ಬೇಸಿಗೆ ರಜೆಯಲ್ಲಿ ನಾನು ಕಾಣದಿದ್ದರೆ ನಮ್ಮ ಅಮ್ಮ ಬೇಲಿಯ ಹತ್ತಿರ ಬಂದು ಆಚೆಗೊಂದು ಕೂಗು ಹಾಕುತ್ತಿದ್ದರು.

ಆ ವರ್ಷ ರಫೀಕನ ಅಣ್ಣ ಹಮೀದ್ ದುಬೈಯಿಂದ ಬರುವಾಗ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮಿನ ಪೆಟ್ಟಿಗೆ ತಂದಿದ್ದ.

"ಇದು ಅಂತಿಂಥ ಗೇಮ್ ಅಲ್ಲ ಮಾರಾಯ್ರೆ, ದುನಿಯಾದಲ್ಲೇ ನಂಬರ್ ಒನ್. ಶುರು ಮಾಡಿ ಅರ್ಧಕ್ಕೆ ಬಿಟ್ಟವರೇ ಇಲ್ಲ," ಎಂದ. "ನಾನು ವಾಪಸ್ ಹೋಗುದರೊಳಗೆ ಮುಗಿಸಿದ್ರೆ ಪೆಟ್ಟಿಗೆ ನಿಮಗೇ. ಇಲ್ಲದಿದ್ರೆ ನನ್ನ ಜೊತೆ ದುಬೈಗೆ."

ರಫೀಕನಿಗೆ ಆ ಪೆಟ್ಟಿಗೆಯ ಮೇಲೆ ಜೀವ. ಅದು ತನ್ನದೇ ಎಂದು ಶಾಲೆಯ ಹುಡುಗರಿಗೆಲ್ಲ ಆಗಲೇ ಹೇಳಿಕೊಂಡು ಬಂದಿದ್ದ.

ಗೇಮಿನಲ್ಲಿ ಕುದುರೆ ಏರಿದ ಒಬ್ಬ ಹುಡುಗ, ಶಾಪ ತಗಲಿದ ಒಂದು ರಾಜ್ಯ, ಒಂದರ ಹಿಂದೆ ಒಂದು ಬಾಗಿಲು. ದಾರಿ ಹುಡುಕುವುದು ರಫೀಕನ ಕೆಲಸ, ಹೊಡೆದಾಟ ನನ್ನದು. ಕತ್ತಿ ಬೀಸುವುದರಲ್ಲಿ ನನ್ನನ್ನು ಮೀರಿಸುವವರು ಕಬಕದಲ್ಲಿ ಹುಟ್ಟಿರಲಿಲ್ಲ, ಬೇಕಾದರೆ ಈಗಲೂ ಕೇಳಿ ನೋಡಿ! ರಾಕ್ಷಸನೊಬ್ಬ ಕಂಡ ಕೂಡಲೇ ರಫೀಕ "ಹಿಡಿ, ಹಿಡಿ" ಎಂದು ರಿಮೋಟನ್ನು ನನ್ನ ಕೈಗೆ ತುರುಕುತ್ತಿದ್ದ. ಅಂಗಳದಲ್ಲಿ ಉಮ್ಮ ಗೇರುಬೀಜ ಸುಡುತ್ತಿದ್ದರು. ಗಂಟಲು ಕೆರೆಯುವ ಆ ಹೊಗೆಯ ಹಿಂದೆಯೇ ಬಿಸಿಬಿಸಿ ಬೀಜವೂ ಬರುತ್ತಿತ್ತು. ಮಸಿ ಹತ್ತಿದ ಬೆರಳಲ್ಲೇ ಆಡಿ ಆಡಿ ರಿಮೋಟಿನ ಗುಂಡಿಗಳೆಲ್ಲ ಕಪ್ಪಾಗಿದ್ದವು.

ಅಂತೂ ಕೊನೆಯ ಬಾಗಿಲಿಗೆ ಬಂದೆವು. ಅಲ್ಲೊಂದು ದೊಡ್ಡ ಮರ, ಬುಡದಲ್ಲಿ ಸಾಲಾಗಿ ನಿಲ್ಲಿಸಿದ ಕಲ್ಲುಗಳು, ಕಲ್ಲಿನ ಎದುರು ಹೆಡೆ ಎತ್ತಿದ ಹಾವು. ಅದನ್ನು ಕೊಲ್ಲದೆ ಬಾಗಿಲು ತೆರೆಯುವುದಿಲ್ಲ. ರಫೀಕ ಎಂದಿನಂತೆ "ಹಿಡಿ" ಎಂದ. ನನ್ನ ಕೈ ಮುಂದೆ ಹೋಗಲಿಲ್ಲ.

ನಮ್ಮ ಮನೆಯ ಹಿಂದೆ ಥೇಟ್ ಅಂಥದ್ದೇ ನಾಗಬನ. ಅಲ್ಲಿ ಬಿದ್ದ ಒಣಕಡ್ಡಿಯನ್ನೂ ನಾವು ಒಲೆಗೆ ತರುವುದಿಲ್ಲ. ನಾಗರಹಾವು ದಾರಿಗೆ ಅಡ್ಡ ಬಂದರೆ ಅಪ್ಪ ಚಪ್ಪಲಿ ಕಳಚಿ, ಅದು ಸರಿದು ಹೋಗುವವರೆಗೆ ಕೈಮುಗಿದು ನಿಲ್ಲುತ್ತಿದ್ದರು.

"ಎಂತ ಮಾರಾಯ್ತಿ? ಹೊಡಿ!"

"ನನ್ನಿಂದ ಆಗುದಿಲ್ಲ. ಅದು ನಾಗ."

"ಟಿವಿಯಲ್ಲಿ ಇರುದು ಜಯಾ! ಅದು ಕಚ್ಚುದೂ ಇಲ್ಲ, ಸಾಯುದೂ ಇಲ್ಲ."

"ಎಲ್ಲಿದ್ರೂ ನಾಗ ನಾಗನೇ."

ರಫೀಕನಿಗೆ ಸಿಟ್ಟು ಬಂತು. ಸುತ್ತು ಬಳಸಿ ಹೋಗುವ ದಾರಿಯೇನಾದರೂ ಉಂಟಾ ಎಂದು ಹುಡುಕಿದ, ಇರಲಿಲ್ಲ. ಕಡೆಗೆ ತಾನೇ ಕತ್ತಿ ಎತ್ತಿದ. ಹೊಡೆದಾಟ ಅವನಿಗೆ ಒಗ್ಗಿದ ಕೆಲಸವಲ್ಲ, ಹಾವು ಅವನನ್ನು ಬೀಳಿಸಿತು. ಎದ್ದ, ಮತ್ತೆ ಬಿದ್ದ. ಹಾಗೆ ಬಿದ್ದೂ ಎದ್ದೂ ಕೈ ಪಳಗಿ, ಒಂದು ಮಧ್ಯಾಹ್ನ ಹಾವಿನ ಹೆಡೆ ನೆಲಕ್ಕೆ ಬಾಗಿತು. ಇನ್ನು ಒಂದೇ ಪೆಟ್ಟು. ಬಾಗಿಲು ತೆರೆಯುತ್ತದೆ, ಪೆಟ್ಟಿಗೆ ಅವನದಾಗುತ್ತದೆ. ನನಗೆ ಅಳು ತಡೆಯಲಾಗಲಿಲ್ಲ.

ರಫೀಕ ತಿರುಗಿ ನನ್ನ ಮುಖ ನೋಡಿದ. ಟಿವಿಯನ್ನು ನೋಡಿದ. ಎದ್ದು ಹೋಗಿ ಸ್ವಿಚ್ಚು ಆಫ್ ಮಾಡಿಬಿಟ್ಟ.

"ಹೋಗ್ಲಿ, ಬದುಕ್ಲಿ ನಿನ್ನ ನಾಗ. ಶಾಲೆಯಲ್ಲಿ ಯಾರಿಗೂ ಹೇಳ್ಬೇಡ, ನಗಾಡ್ತಾರೆ."

ಮತ್ತೆ ನಾವದನ್ನು ಆಡಲಿಲ್ಲ. ಹಮೀದಣ್ಣ ಪೆಟ್ಟಿಗೆ ಕಟ್ಟುತ್ತಾ, "ನಂಬರ್ ಒನ್ ಗೇಮನ್ನು ಒಂದು ಹಾವಿಗೆ ಹೆದರಿ ಬಿಟ್ರಾ?" ಎಂದು ನಕ್ಕ. "ಹೆದರಿ ಅಲ್ಲ," ಎಂದ ರಫೀಕ, ಅಷ್ಟೇ. ಗೇರುಬೀಜ ಸುಲಿಯುತ್ತಿದ್ದ ಉಮ್ಮ ತಲೆ ಎತ್ತದೆ, "ಬಿಡು ಮಗಾ, ಆ ಹುಡುಗಿಯನ್ನು ಅಳಿಸಿ ಎಂತ ಗೆಲ್ಲುದು?" ಎಂದರು. ಹಮೀದಣ್ಣನ ಕಾರು ತಿರುವಿನಲ್ಲಿ ಮರೆಯಾದಾಗ ರಫೀಕನ ಕಣ್ಣು ತುಂಬಿತ್ತು. ಆದರೂ ಅವನು ನನ್ನನ್ನು ದೂರಲಿಲ್ಲ.

ಆ ಗೇಮನ್ನು ಜನ ಈಗಲೂ ಹೊಗಳುತ್ತಾರೆ. ಹೊಗಳಲಿ. ಅದನ್ನು ಅರ್ಧಕ್ಕೆ ಬಿಟ್ಟೆವೆಂದು ನನಗೆ ಒಂದು ಚೂರೂ ಬೇಸರವಿಲ್ಲ.

ತವರಿನಲ್ಲೇ ಉಳಿದವಳು ನಾನು, ರಫೀಕನೂ ಇಲ್ಲೇ ಇದ್ದಾನೆ. ಎದುರು ಸಿಕ್ಕಿದರೆ ಚೆನ್ನಾಗಿಯೇ ಮಾತಾಡುತ್ತೇವೆ. ಆದರೆ ಬೇಲಿ ಇದ್ದಲ್ಲಿ ಈಗ ಕಾಂಪೌಂಡು ಗೋಡೆ ಎದ್ದಿದೆ, ಗೋಡೆಗೆ ಕಂಡಿ ಇಲ್ಲ. ಅವನ ಮಕ್ಕಳ ಹೆಸರು ನನಗೆ ಗೊತ್ತು, ಅವರು ಏನು ಇಷ್ಟಪಟ್ಟು ತಿನ್ನುತ್ತಾರೆಂದು ಗೊತ್ತಿಲ್ಲ.

ಮೊನ್ನೆ ನನ್ನ ಮಗ ಅದೇ ಗೇಮಿನ ಹೊಸ ರೂಪವನ್ನು ಆಡುತ್ತಿದ್ದ. ಈಗ ಎಲ್ಲೆಲ್ಲೋ ಕೂತವರು ಜೊತೆ ಸೇರಿ ಆಡಬಹುದಂತೆ. ಅದೇ ಮರ, ಅದೇ ಹಾವು. ಕಿವಿಗೆ ಹೆಡ್‌ಫೋನು ಹಾಕಿಕೊಂಡು "ಹೊಡಿ, ಹೊಡಿ" ಎಂದು ಯಾರಿಗೋ ಕಿರುಚುತ್ತಿದ್ದ. ಹಾವು ಬಿತ್ತು, ಬಾಗಿಲು ತೆರೆಯಿತು. ಆ ಬಾಗಿಲಿನ ಆಚೆ ಏನಿದೆ ಎಂದು ನೋಡಲೂ ನನಗೆ ಮನಸ್ಸಾಗಲಿಲ್ಲ.

"ನಿನ್ನ ಜೊತೆ ಆಡುದು ಯಾರು ಮಗಾ?" ಎಂದು ಕೇಳಿದೆ.

"ಗೊತ್ತಿಲ್ಲಮ್ಮ. ಯಾರೋ."

ಆ ಯಾರೋ ಆಚೆ ಕೂತು ಅತ್ತರೂ ನನ್ನ ಮಗನಿಗೆ ಕಾಣಲಿಕ್ಕಿಲ್ಲ. ರಫೀಕನಿಗೆ ಕಂಡಿತ್ತು.