ಒಂದೇ ಅಟ್ಟಕ್ಕೆ ಎರಡು ಏಣಿ

ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ಗುರುಶಾಂತಮ್ಮನ ಅಚ್ಚುಕಟ್ಟಿಗೆ ಹೆದರದವರಿಲ್ಲ. ನೆಂಟರು ಚಪ್ಪಲಿ ಓರೆಯಾಗಿ ಬಿಟ್ಟು ಒಳಗೆ ಬಂದರೆ, ಅವರು ಕಾಫಿ ಕುಡಿಯುವಷ್ಟರಲ್ಲಿ ಅವು ಗೋಡೆಗೆ ಒತ್ತಿ ನೆಟ್ಟಗೆ ಕೂತಿರುತ್ತವೆ. ಗಂಡ ಮಲ್ಲಿಕಾರ್ಜುನಯ್ಯ ಕೊಬ್ಬರಿ ವ್ಯಾಪಾರಿ. ಮಂಡಿಯಲ್ಲಿ ಹುಲಿ, ಮನೆಯಲ್ಲಿ ತನ್ನ ಲೋಟ ತಾನೇ ತೊಳೆದಿಡುವ ಸಾಧು. ಮಗ ಉಜ್ವಲ್ ವ್ಯಾಪಾರಕ್ಕೆಂದು ನಡುಮನೆಗೆ ಕಂಪ್ಯೂಟರ್ ತಂದಿಟ್ಟಾಗ, ಐವತ್ತು ದಾಟಿದ್ದ ಈಕೆ ಹಟ ಹಿಡಿದು ಕಲಿತಳು. ನೋಡುನೋಡುತ್ತಿದ್ದಂತೆ ಬಿಲ್ಲು ಬರೆಯುವ ಕೆಲಸವೆಲ್ಲ ಅವಳ ಪಾಲಿಗೇ ಬಂತು. ಎರಡನೇ ಸಲ ಹೇಳಿಸಿಕೊಳ್ಳುವ ಹೆಂಗಸಲ್ಲ. ಮೊದಲನೇ ಸಲವೂ ಯಾರನ್ನೂ ಕೇಳುವವಳಲ್ಲ, ಆಪತ್ತು ಬಂದದ್ದೇ ಅದರಿಂದ.

ಮಗಳು ಸೌಂದರ್ಯ ಶಾಲೆಯ ಟೀಚರು. ಈ ಬೇಸಿಗೆಯಲ್ಲಿ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿತು. ಜೀವ ಉಳಿಸುತ್ತೇವೆ, ಆದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು, ಮಾತು ಹೋಗುತ್ತೆ ಎಂದರು ಬೆಂಗಳೂರಿನ ಡಾಕ್ಟರು. ಸೌಂದರ್ಯ ಒಂದು ದಿನ ಅತ್ತಳು, ಅಷ್ಟೇ. ಆಮೇಲೆ ತವರಿಗೆ ಬಂದು, ಕಂಪ್ಯೂಟರಿನ ಮುಂದೆ ಕೂತು ಮೈಕಿಗೆ ಮಾತಾಡತೊಡಗಿದಳು. ಇನ್ನೂ ಶಾಲೆ ಸೇರದ ಮಗಳು ವರ್ಷಿಣಿಗೆ ಕತೆ, ಲಾಲಿ, ಗದರಿಕೆ, ಅವಳು ದೊಡ್ಡವಳಾದಾಗ ಹೇಳಬೇಕಾದ ಮಾತು. ಫೋನಿನಲ್ಲಿಟ್ಟರೆ ಮಗು ಒತ್ತಿ ಅಳಿಸೀತೆಂದು ಅಲ್ಲಿ ಇಡಲೂ ಇಲ್ಲ.

"ಅಮ್ಮನ ಕೈಲಿ ಐತಲ್ಲ, ಇನ್ನೆಲ್ಲೂ ಬ್ಯಾಡ ಬುಡು" ಅಂದಿದ್ದಳು ತಮ್ಮನಿಗೆ.

ವರ್ಷಿಣಿಯನ್ನು ಅಜ್ಜಿಯ ಬಳಿ ಬಿಟ್ಟು ಬೆಂಗಳೂರಿಗೆ ಹೋದಳು, ಆಪರೇಷನ್ ಆಯಿತು. ಅಕ್ಕನನ್ನು ನಾಳೆ ಕರೆತರುತ್ತೇನೆ ಎಂದು ಉಜ್ವಲ್ ಫೋನ್ ಮಾಡಿದಾಗ ಗುರುಶಾಂತಮ್ಮ ಸೆರಗು ಸಿಕ್ಕಿಸಿ ಮನೆಗೆ ಮನೆಯನ್ನೇ ತೊಳೆದಳು. ಜೇಡರಬಲೆ ಹೋಯಿತು, ದೇವರ ಸಾಮಾನು ಬೆಳಗಿತು. ಸಂಜೆಗೆ ಉಳಿದದ್ದು ಕಂಪ್ಯೂಟರ್ ಒಂದೇ. ಅದು ಜಾಗ ಸಾಲದೆಂದು ಕೆಂಪು ಗೆರೆ ತೋರಿಸುತ್ತಿತ್ತು. ಫೋಲ್ಡರುಗಳನ್ನು ಡಿ ಡ್ರೈವಿಗೆ ಸಾಗಿಸುವುದನ್ನು ಅವಳು ಮಗನ ಹಿಂದೆ ನಿಂತು ನೋಡಿದ್ದಳು. ಬಿಲ್ಲುಗಳಿದ್ದ ಡಾಕ್ಯುಮೆಂಟ್ಸನ್ನು ಅತ್ತ ಕಳಿಸಿದಳು. ಮಗಳ ದನಿಯಿದ್ದ ಮ್ಯೂಸಿಕ್ಕನ್ನೂ ಅಲ್ಲಿಗೇ ಕಳಿಸಿದಳು. ಎರಡನ್ನೂ ಒಂದೇ ಜಾಗಕ್ಕೆ ಸೇರಿಸಲೇ ಎಂದು ಕಂಪ್ಯೂಟರ್ ಕೇಳಿತು.

ಕೊಬ್ಬರಿಯವರ ಮನೆಯ ಹೆಣ್ಣು ಇನ್ನೇನು ಹೇಳಿಯಾಳು? ಅರಳಗುಪ್ಪೆಯ ತೋಟದ ಕಾಯಿಯೂ, ಚಿಕ್ಕನಾಯಕನಹಳ್ಳಿಯ ಅಣ್ಣನ ತೋಟದ ಕಾಯಿಯೂ ಅವರ ಮನೆಯಲ್ಲಿ ಒಂದೇ ಅಟ್ಟ ಹತ್ತಿ ಒಣಗುತ್ತವೆ. ಇಳಿಸುವಾಗ ಬೇರೆ ಮಾಡಿಕೊಂಡರಾಯಿತು. ಅವಳು ಹೂಂ ಎಂದು ಒತ್ತಿದಳು.

ಆಮೇಲೆ ಡಾಕ್ಯುಮೆಂಟ್ಸ್ ತೆರೆದರೆ ಬಿಲ್ಲುಗಳ ನಡುವೆ ಮಗಳ ದನಿ. ಮ್ಯೂಸಿಕ್ ತೆರೆದರೆ ಅಲ್ಲೂ ಅದೇ ಬಿಲ್ಲು, ಅದೇ ದನಿ. "ಒಂದಕ್ಕೆರಡು ಆಗಿ ಕೂತವಲ್ಲ ಶಿವನೇ, ಜಾಗ ಎಲ್ಲಿ ಸಾಕಾದಾತು" ಎಂದು ಗೊಣಗಿ, ಡಾಕ್ಯುಮೆಂಟ್ಸಿನಲ್ಲಿದ್ದ ದನಿಯನ್ನೆಲ್ಲ ಅಳಿಸಿದಳು. ಕಂಪ್ಯೂಟರಿನ ಕಸದ ಬುಟ್ಟಿ ತುಂಬಿತು. ಬುಟ್ಟಿ ಬರಿದು ಮಾಡಲು ಕೈ ಹೋಗಿತ್ತು, ಅಷ್ಟರಲ್ಲಿ ದೇವರಮನೆಯಿಂದ ಗಂಡನ ಗಂಟೆ ಕೇಳಿಸಿತು. ದೀಪ ಹಚ್ಚಿದ ಮೇಲೆ ಕಸ ಆಚೆ ಹಾಕಿದರೆ ಲಕ್ಷ್ಮಿಯೂ ಅದರ ಜೊತೆ ಹೊರಡುತ್ತಾಳೆಂದು ಅವಳ ಅತ್ತೆ ಸಾಯುವ ತನಕ ಹೇಳಿದ್ದರು. ಯಂತ್ರದ ಕಸವಾದರೂ ಕಸ ಕಸವೇ ಎಂದು ತನ್ನಷ್ಟಕ್ಕೆ ನಕ್ಕು ಎದ್ದಳು.

ಮರುದಿನ ಗಂಡನಿಗೆ ಬಿಲ್ಲು ಬರೆದುಕೊಟ್ಟು, ಅಡುಗೆ ಮುಗಿಸಿ ಕೂತಿದ್ದಳು. ವರ್ಷಿಣಿ ಬಂದು ಸೆರಗು ಜಗ್ಗಿದಳು. "ಅಮ್ಮನ ಕಾಗೆ ಕತೆ ಹಾಕಜ್ಜಿ."

ಮ್ಯೂಸಿಕ್ ತೆರೆದಳು. ಬರೀ ಬಿಲ್ಲು. ಮುಚ್ಚಿ ಮತ್ತೆ ತೆರೆದಳು. ಡಾಕ್ಯುಮೆಂಟ್ಸ್ ತೆರೆದಳು. ಅಲ್ಲೂ ಬರೀ ಬಿಲ್ಲು.

ಆಗ ಹೊಳೆಯಿತು ನೋಡಿ, ಕೆಟ್ಟ ಮೇಲೆ ಬರುವ ಬುದ್ಧಿ. ಡಾಕ್ಯುಮೆಂಟ್ಸ್, ಮ್ಯೂಸಿಕ್ ಎರಡು ಹೆಸರೂ ತೆರೆಯುತ್ತಿದ್ದದ್ದು ಒಂದೇ ಜಾಗವನ್ನು. ಅಲ್ಲಿ ಇದ್ದದ್ದು ಒಂದೇ ಅಟ್ಟ, ಏಣಿ ಮಾತ್ರ ಎರಡು. ಅವಳು ಒಂದು ಏಣಿ ಹತ್ತಿ ಅಟ್ಟ ಬರಿದು ಮಾಡಿ, ಇನ್ನೊಂದು ಏಣಿಯ ಮೇಲೆ ಮಾಲು ಇದೆಯೆಂದು ನೆಮ್ಮದಿಯಾಗಿ ಮಲಗಿದ್ದಳು.

ಬುಟ್ಟಿಯಲ್ಲಿರಬೇಕು ಅಂದುಕೊಂಡಳು. ಮರುಕ್ಷಣವೇ ಇನ್ನೊಂದು ಅನುಮಾನ ಹುಟ್ಟಿತು. ಬೆಳಗಾದರೆ ಕಸ ತೆಗೆಯುವುದು ಅವಳು ಮಾಡುವ ಕೆಲಸವಲ್ಲ, ಅವಳ ಕೈ ತಾನಾಗಿಯೇ ಮಾಡುವ ಕೆಲಸ. ಬಿಲ್ಲು ಬರೆಯಲು ಕೂತಾಗ ನಿನ್ನೆಯ ಆ ಬುಟ್ಟಿಯನ್ನೂ ಬರಿದು ಮಾಡಿದೆನೇ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮಾಡದೆ ಬಿಟ್ಟಿರುತ್ತೇನೆಂದು ಅವಳಿಗೇ ನಂಬಿಕೆ ಬರಲಿಲ್ಲ. ಬುಟ್ಟಿಯ ಚಿತ್ರ ಕಿಟಕಿಯ ಹಿಂದೆ ಮರೆಯಾಗಿತ್ತು. ಅದನ್ನು ಸರಿಸಿ ನೋಡಲು ಧೈರ್ಯ ಸಾಲಲಿಲ್ಲ.

ಮಗನಿಗೆ ಫೋನ್ ಮಾಡಿದಳು.

"ಹೇಳಮ್ಮ, ಸ್ಪೀಕರ್‌ನಲ್ಲಿ ಇದ್ದೀಯ, ಅಕ್ಕನೂ ಕೇಳುಸ್ಕೊತಾವ್ಳೆ" ಅಂದ ಉಜ್ವಲ್.

ಮಗಳ ಕಿವಿಗೆ ಬೀಳುವಂತೆ ಹೇಳಲಾರದೆ ಅವಳು ಮಾತು ತಿರುಗಿಸಿದಳು. "ಏನಿಲ್ಲ ಕಣಪ್ಪ. ಎಲ್ಲಿದ್ದೀರಾ ಅಂತ."

"ಕಿಬ್ಬನಹಳ್ಳಿ ದಾಟುದ್ವಿ. ಇನ್ನೇನು ಬಂದ್ವಿ."

ಫೋನ್ ಇಟ್ಟಾಗ ಮಲ್ಲಿಕಾರ್ಜುನಯ್ಯ ಬಾಗಿಲಲ್ಲಿದ್ದ. "ಯಾಕೇ, ಮುಖ ಹಿಂಗಾಗೈತೆ?"

"ಮಗಳ ದನಿ ನನ್ ಕೈಯಾರ ಅಳುಸ್ಬುಟ್ಟೆ ಕಣ್ರೀ." ಅಳು ಕೂಡ ಬರಲಿಲ್ಲ ಅವಳಿಗೆ. "ಕಸದಲ್ಲಿ ಇದ್ರೆ ಐತೆ, ಇಲ್ದಿದ್ರೆ ಇಲ್ಲ. ನೋಡಾಕೆ ಭಯ ಆಯ್ತದೆ. ನೀವೇ ನೋಡ್ರಿ."

ಆತ ಕುರ್ಚಿಗೆ ಒರಗಿ ಕೂತ. "ನಂಗೆ ಅದನ್ನ ತೆರೆಯಾಕೂ ಬರಲ್ವಲ್ಲೇ" ಅಂದ. "ನೀನೇ ನೋಡು. ಮಗಳು ಮನೆಗೆ ಬರೋ ಹೊತ್ಗೆ ಐತೋ ಇಲ್ವೋ ಅನ್ನೋದಾದ್ರೂ ಗೊತ್ತಿರ್ಲಿ."

ಗುರುಶಾಂತಮ್ಮ ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕಿಟಕಿ ಸರಿಸಿದಳು. ಬುಟ್ಟಿಯ ಬಾಯಿಂದ ಕಾಗದ ಇಣುಕುತ್ತಿತ್ತು. ತೆರೆದಳು. ಎಲ್ಲವೂ ಇದ್ದವು. ಕಾಗೆ ಕತೆ, ಲಾಲಿ, ವರ್ಷಿಣಿ ಊಟ ಮಾಡದಿದ್ದರೆ, ವರ್ಷಿಣಿ ದೊಡ್ಡವಳಾದಾಗ.

ಆದರೂ ಅವಳು ಆತುರಪಡಲಿಲ್ಲ. ಇನ್ನೊಂದು ತಪ್ಪು ಒತ್ತಿಬಿಟ್ಟರೆ ಎಂಬ ಭಯ ಹಾಗೇ ಇತ್ತು. ಡಿ ಡ್ರೈವಿನಲ್ಲಿ ಬಿಲ್ಲಿಗೊಂದು, ದನಿಗೊಂದು ಬೇರೆ ಬೇರೆ ಫೋಲ್ಡರ್ ಮಾಡಿದಳು. ಮ್ಯೂಸಿಕ್ಕಿಗೂ ಡಾಕ್ಯುಮೆಂಟ್ಸಿಗೂ ಅವುಗಳದ್ದೇ ಜಾಗ ತೋರಿಸಿದಳು. ಕಂಪ್ಯೂಟರ್ ಕೇಳಿದ ಪ್ರತಿ ಪ್ರಶ್ನೆಯನ್ನೂ ಬೆರಳಿಟ್ಟು ಓದಿದಳು. ಬುಟ್ಟಿಯಿಂದ ದನಿಯನ್ನೆಲ್ಲ ಹಿಂದಕ್ಕೆ ಪಡೆದು ಅದರ ಜಾಗಕ್ಕೆ ಸೇರಿಸಿದಳು. ಹೊರಗೆ ಕಾರು ನಿಂತ ಸದ್ದು ಕೇಳಿಸಿದರೂ ಏಳಲಿಲ್ಲ. ಹೆಸರಷ್ಟೇ ಉಳಿದು ಒಳಗೆ ದನಿ ಇಲ್ಲದಿದ್ದರೆ? ತೆಂಗಿನಕಾಯಿಯನ್ನೂ ಅಲ್ಲಾಡಿಸಿ ನೋಡದೆ ಅವಳು ಒಳಗೆ ತಗೊಂಡವಳಲ್ಲ. ಎಲ್ಲಕ್ಕಿಂತ ಮೇಲಿದ್ದುದನ್ನು ಒತ್ತಿದಳು.

ಅದು ಸೌಂದರ್ಯ ಮೊದಲ ದಿನ ಮೈಕ್ ಪರೀಕ್ಷೆಗೆಂದು ಆಡಿದ್ದು. ಅಡುಗೆಮನೆಯಲ್ಲಿದ್ದ ತಾಯಿಯನ್ನು ಅವಳು ಇಲ್ಲಿಂದಲೇ ಕೂಗಿದ್ದಳು.

"ಅಮ್ಮಾ, ಕೇಳಿಸ್ತಾ ಐತಾ? ಅಮ್ಮಾ, ಅಲ್ಲೇ ಇದ್ದೀಯಾ?"

ವರ್ಷಿಣಿ ಕಂಪ್ಯೂಟರಿನತ್ತ ನೋಡಲೇ ಇಲ್ಲ, ಬಾಗಿಲಿಗೆ ಓಡಿದಳು. ಹೊಸ್ತಿಲ ಮೇಲೆ ಸೌಂದರ್ಯ ನಿಂತಿದ್ದಳು, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು. ಪೆಟ್ಟಿಗೆಯೊಳಗಿನ ದನಿ ಇನ್ನೊಮ್ಮೆ ಅಮ್ಮಾ ಎಂದಾಗ, ಅವಳ ತುಟಿಯೂ ಸದ್ದಿಲ್ಲದೆ ಹಾಗೆಯೇ ಅಲುಗಿತು.

ಗುರುಶಾಂತಮ್ಮ ಬಾಗಿಲ ಕಡೆಗೆ ತಿರುಗಿದಳು. "ಇಲ್ಲೇ ಇದ್ದೀನಿ ಕಣೇ" ಅಂದಳು. "ಕೇಳಿಸ್ತಾ ಐತೆ."